ಮಾಲೆಮ್ ಅಳಿಸಿದ ಉತ್ತರ

ವಸೀಲಾಳ ಬೆರಳುಗಳಿಗೆ ಅರವತ್ತೊಂದು ವರ್ಷ ವಯಸ್ಸೆಂದು ನಲವತ್ತು ಸಾವಿರ ಜನ ನಂಬಿದ್ದರು. ಫೇಸ್‌ಬುಕ್ಕಿನ 'ಬೆಚ್ಚನೆ ಮನೆ' ಗುಂಪಿನಲ್ಲಿ 'ಮಾಲೆಮ್ ತಯ್ಯಬ್, ಸತೀಫ್' ಎಂಬ ಹೆಸರಿನಡಿ ಬರುತ್ತಿದ್ದ ಉತ್ತರಗಳನ್ನು ಹೇಳುತ್ತಿದ್ದವನು ಅವಳ ಅಪ್ಪ, ಫೋನಿನಲ್ಲಿ ಒತ್ತುತ್ತಿದ್ದವಳು ಅವಳು. ಕಸುಬಿನಲ್ಲಿ ಪಳಗಿದವನನ್ನು ಊರು ಮಾಲೆಮ್ ಎಂದು ಕರೆಯುತ್ತದೆ. ಮೂವತ್ತೆಂಟು ವರ್ಷ ಸತೀಫ್ ಪಟ್ಟಣದ ಮನೆಗಳನ್ನು ಬೆಚ್ಚಗಿಡುವ ಗ್ಯಾಸ್ ಬಾಯ್ಲರುಗಳ ಹೊಟ್ಟೆಯೊಳಗೆ ಕೈಯಿಟ್ಟು ಬದುಕಿದ್ದ ತಯ್ಯಬ್‌ಗೆ ಆ ಹೆಸರನ್ನು ಯಾರೂ ಬಿಟ್ಟಿ ಕೊಟ್ಟಿರಲಿಲ್ಲ. ಮೂರು ವರ್ಷದ ಹಿಂದೆ ಒಂದು ಗಾಳಿಯ ದಿನ ಹೊಗೆ ಪೈಪು ಶುಚಿ ಮಾಡಲು ತಾರಸಿ ಹತ್ತಿದವನು ಅಲ್ಲಿಂದ ಬಿದ್ದ. ಸೊಂಟದ ಕೆಳಗೆ ಬಲ ಹೋಯಿತು, ಬಲಗೈಗೆ ನಡುಕ ಬಂತು. ಅಂದಿನಿಂದ ಕಿಟಕಿಯ ಪಕ್ಕದ ಕುರ್ಚಿಯೇ ಅವನ ಅಂಗಡಿ.

ಅಪ್ಪ ಹೇಳಿದ್ದನ್ನು ವಸೀಲಾ ಮೊದಲು ಗೆರೆಯೆಳೆದ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಬರೆದದ್ದನ್ನು ಓದಿ ಹೇಳಬೇಕು, ಅವನು 'ಹೂಂ' ಅನ್ನಬೇಕು, ಆಮೇಲೆ ಫೋನಿಗೆ ಏರಿಸಬೇಕು. ಮಾತು ಒಮ್ಮೆ ಹೊರಗೆ ಹೋದರೆ ತನ್ನ ಹೆಸರು ಹೊತ್ತುಕೊಂಡು ಹೋಗುತ್ತದೆಂದು ಅವನಿಗೆ ಎಚ್ಚರ. ವಸೀಲಾ ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ ಎರಡು ವರ್ಷವಾಗಿತ್ತು. ಕೆಲಸ ಸಿಕ್ಕಿರಲಿಲ್ಲ. ಬಾಗಿಲಿಗೆ ಗ್ಯಾಸಿನವನು ಬಂದರೂ ಒಳಗೆ ಸರಿಯುವ ಹುಡುಗಿ, ಅಪ್ಪನ ಹೆಸರಿನ ಹಿಂದೆ ನಿಂತಾಗ ಮಾತ್ರ ನಲವತ್ತು ಸಾವಿರ ಜನರ ಮುಂದೆ ಧೈರ್ಯವಾಗಿ ಮಾತಾಡುತ್ತಿದ್ದಳು. ಅದು ತನ್ನ ಮಾತಲ್ಲ ಎನ್ನುವುದೇ ಆ ಧೈರ್ಯದ ಗುಟ್ಟು.

ಗುಂಪಿನಲ್ಲಿ ಮನೆಯವರು ಕೇಳುತ್ತಿದ್ದರು, ಮಾಲೆಮ್‌ಗಳು ಹೇಳುತ್ತಿದ್ದರು. ಹೇಳುವವರು ಜಗಳವಾಡದ ದಿನವೇ ಇರಲಿಲ್ಲ. ಬಾಯ್ಲರಿನ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರಿನ ನೀರನ್ನು ವರ್ಷವರ್ಷವೂ ಬದಲಿಸಬೇಕೋ ಬೇಡವೋ ಎಂದು ಹೋದ ಚಳಿಗಾಲದಲ್ಲಿ ಒಂಬತ್ತು ದಿನ ಕಾದಾಟ ನಡೆದು, ಒರಾನ್ ಊರಿನವನೊಬ್ಬ ಅನ್ನಾಬಾ ಊರಿನವನ ತಂಗಿಯ ಮದುವೆಗೆ ಹೋಗುವುದನ್ನೇ ಬಿಟ್ಟಿದ್ದ. ಆದರೆ ಜಗಳ ಮುಗಿಸುವುದಕ್ಕೂ ಅಲ್ಲಿ ಒಂದು ಪದ್ಧತಿಯಿತ್ತು. ಗುಂಪು ಕಟ್ಟಿದ ಹಾಜಿ ಬೂಅಲಾಮ್ ಕಾನ್‌ಸ್ಟಂಟೀನ್ ನಗರದಿಂದ ಎರಡೂ ಕಡೆಗೆ ಫೋನು ಮಾಡುತ್ತಿದ್ದ. ಸಮಾಧಾನದ ಮಾತಾಡಿ, ಇಬ್ಬರಿಂದಲೂ ಫಾತಿಹಾ ಪ್ರಾರ್ಥನೆ ಓದಿಸಿ, ರಾಜಿ ಮಾಡಿಸುತ್ತಿದ್ದ. ರಾಜಿಯಾದ ಮೇಲೆ ಇಬ್ಬರೂ ತಮ್ಮ ಜಗಳದ ಮಾತನ್ನು ತಮ್ಮ ಕೈಯಾರೆ ಅಳಿಸಬೇಕು. ಬೈದದ್ದು ಕಣ್ಣಿಗೆ ಬೀಳುವಂತಿದ್ದರೆ ರಾಜಿ ಮೂರು ದಿನವೂ ಬಾಳುವುದಿಲ್ಲ ಎನ್ನುವುದು ಹಾಜಿಯ ಅನುಭವ. ಅವನ ಅಜ್ಜ ಹಳ್ಳಿಯಲ್ಲಿ ನೀರಿನ ಕಾಲುವೆಯ ಜಗಳಗಳನ್ನು ಹೀಗೇ ಮುಗಿಸುತ್ತಿದ್ದನಂತೆ.

ಜನವರಿಯ ಆ ಮಂಗಳವಾರ ಮಧ್ಯಾಹ್ನ, ಗುಡ್ಡಗಳ ಮೇಲೆ ಹಿಮ ಬಿದ್ದಿತ್ತು. ಬುರ್ಜ್ ಪಟ್ಟಣದಿಂದ ಲಾಮಿಯಾ ಎಂಬವಳು ಗುಂಪಿನಲ್ಲಿ ಬರೆದಳು.

"ಅಸ್ಸಲಾಮು ಅಲೈಕುಂ. ನಮ್ಮ ಬಾಯ್ಲರ್ ಹತ್ತು ನಿಮಿಷ ಉರಿದು ಆರಿಹೋಗುತ್ತೆ. ಗುಂಡಿ ಒತ್ತಿದ್ರೆ ಮತ್ತೆ ಹತ್ತು ನಿಮಿಷ, ಮತ್ತೆ ಆರುತ್ತೆ. ಗಂಡ ಸಹರಾದ ತೈಲಬಾವಿಯಲ್ಲಿದಾರೆ, ಇನ್ನು ಹದಿನೆಂಟು ದಿನ ಬರಲ್ಲ. ಮನೇಲಿ ಎಂಟು ತಿಂಗಳ ಕೂಸಿದೆ, ಆರು ವರ್ಷದ ಮಗಳಿದಾಳೆ. ಯಾರಾದ್ರೂ ದಾರಿ ಹೇಳಿ, ಪುಣ್ಯ ಬರುತ್ತೆ."

ಜೊತೆಗೆ ಎರಡು ಫೋಟೋ. ಅಡುಗೆಮನೆಯ ಹಿಂದಿನ, ಬಟ್ಟೆ ಒಣಗಿಸುವ ಬಾಲ್ಕನಿ. ಚಳಿಗೆ ಗಾಜು ಹಾಕಿ ಮುಚ್ಚಿದ್ದು. ಗೋಡೆಯಲ್ಲಿ ಬಾಯ್ಲರ್, ಹಗ್ಗದ ಮೇಲೆ ಪುಟ್ಟ ಕಾಲುಚೀಲಗಳು.

ಮೊದಲ ಉತ್ತರ ಬಾತ್ನಾ ಊರಿನ ಶಂಸುವಿನದು. ಮೂವತ್ತು ದಾಟದ ಹುಡುಗ, ಕೂದಲಿಗೆ ಎಣ್ಣೆ ಹಾಕಿ ನಿಲ್ಲಿಸಿಕೊಂಡು ರಿಪೇರಿಯ ವೀಡಿಯೋ ಮಾಡುವವನು. ಅವನ ಹಿಂದೆ ಅಭಿಮಾನಿಗಳ ದೊಡ್ಡ ದಂಡೇ ಇತ್ತು.

"ಅಕ್ಕಾ, ಹೆದರ್ಬೇಡಿ. ಇದು ಆ ಮಾದರಿಯ ಹಳೇ ಕಾಯಿಲೆ. ಮೇಲ್ಗಡೆ ಹೊಗೆ ಸೆನ್ಸರ್ ಇರುತ್ತೆ, ಅದು ಕೆಟ್ಟಿದೆ. ಅದರ ಎರಡು ತಂತಿ ಬಿಚ್ಚಿ ಒಂದಕ್ಕೊಂದು ಸೇರಿಸಿ ನೋಡಿ. ಎರಡು ನಿಮಿಷದ ಕೆಲಸ."

ವಸೀಲಾ ಅದನ್ನು ಓದಿ ಹೇಳಿದಾಗ ತಯ್ಯಬ್ ಮುಖ ಕಿವಿಚಿದ. "ಸೇರಿಸಿ ನೋಡಿ ಅಂತೆ! ನೋಡಿ ತಕ್ಷಣ ಬಿಚ್ಚಬೇಕು ಅಂತ ನಮ್ಮಂಥ ಕಸುಬಿನವರಿಗೆ ಹೇಳಬೇಕಾಗಿಲ್ಲ. ಆ ಹೆಂಗಸಿಗೆ ಯಾರು ಹೇಳ್ತಾರೆ? ಅವಳು ಸೇರಿಸ್ತಾಳೆ, ಉರಿಯುತ್ತೆ, ರಿಪೇರಿ ಆಯ್ತು ಅಂತ ಮಲಗ್ತಾಳೆ. ಎಲ್ಲಿ, ಫೋಟೋ ದೊಡ್ಡದು ಮಾಡು."

ವಸೀಲಾ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ಅವನ ಮೂಗಿನ ಹತ್ತಿರ ಹಿಡಿದಳು.

"ಪೈಪಿನ ಕುತ್ತಿಗೆ ನೋಡು. ಚಹಾ ಸೋರಿದ ಹಾಗೆ ಕಂದು ಕಲೆ. ಹೊಗೆ ಮೇಲೆ ಹೋಗ್ತಿಲ್ಲ, ವಾಪಸ್ ಬರ್ತಿದೆ. ಈಗ ಕೆಳಗೆ ಬಾ. ಗೋಡೆಯ ಗಾಳಿ ತೂತಿಗೆ ಏನೋ ತುರುಕಿದಾಳೆ ನೋಡು."

"ಕಂಬಳಿ ತುಂಡಿನ ಹಾಗಿದೆ ಬಾಬಾ."

"ಕಂಬಳಿನೇ. ಮೇಲೆ ಪೈಪಿನ ಬಾಯಲ್ಲಿ ಗುಬ್ಬಿ ಗೂಡು ಕಟ್ಟಿರಬೇಕು, ಕೆಳಗೆ ಕಂಬಳಿ. ಸೆನ್ಸರ್ ಕೆಟ್ಟಿಲ್ಲ ಮಗಳೇ. ಆ ಮನೇಲಿ ಸರಿಯಾಗಿ ಕೆಲಸ ಮಾಡ್ತಿರೋದು ಅದೊಂದೇ. ಹೊಗೆ ಒಳಗೆ ಬಂತು ಅಂತ ಅದು ಆರಿಸ್ತಾ ಇದೆ, ಈ ಕತ್ತೆ ಅದರ ಬಾಯಿ ಹೊಲಿ ಅಂತಿದಾನೆ. ತಗೋ, ಬರಿ."

ಅವಳು ನೋಟುಬುಕ್ಕು ತೆರೆದಳು. ಅವನು ಕಣ್ಣು ಮುಚ್ಚಿ ಹೇಳಿದ.

"ತಂಗೀ, ಬಾಯ್ಲರ್ ಈಗಲೇ ಆರಿಸು. ಕಿಟಕಿ ತೆರೆ. ಗೋಡೆ ತೂತಿನ ಕಂಬಳಿ ಕಿತ್ತು ಹಾಕು. ಹೊಗೆ ಪೈಪು ಕಟ್ಟಿದೆ, ಒಬ್ಬ ಬಂದು ಅದನ್ನ ಬಿಡಿಸೋವರೆಗೂ ಹಚ್ಚಬೇಡ. ತಂತಿ ಮುಟ್ಟಲೇಬೇಡ. ಚಳಿ ತಡೆಯಕ್ಕಾಗದಿದ್ರೆ ಮಕ್ಕಳನ್ನ ಪಕ್ಕದ ಮನೆಗೆ ಕರ್ಕೊಂಡು ಹೋಗು. ಬರೆದ್ಯಾ? ಮುಂದೆ ಬರಿ. ತಂತಿ ಸೇರಿಸು ಅಂದವನ ತಲೆಯೊಳಗೇ ಎಲ್ಲೋ ತಂತಿ ಕಳಚಿದೆ. ಇವನು ರಿಪೇರಿಯವನಲ್ಲ, ಹೆಣ ತೊಳೆಯೋರಿಗೆ ಗಿರಾಕಿ ಹುಡುಕಿಕೊಡೋ ದಲ್ಲಾಳಿ."

ವಸೀಲಾಳ ಪೆನ್ನು ನಿಂತಿತು. "ಬಾಬಾ, ಕೊನೆಯದು ಬೇಡವೇನೋ."

"ಯಾಕೆ ಬೇಡ? ಅದಿಲ್ಲದಿದ್ರೆ ಯಾರು ಓದ್ತಾರೆ? ಬರೀ ಉಪದೇಶ ಅಂದ್ರೆ ಜನ ಮುಂದಕ್ಕೆ ಹೋಗ್ತಾರೆ."

ಇದು ಅವನ ಹಳೆಯ ಚಾಳಿ. ಒಂದು ಕೈಯಲ್ಲಿ ಔಷಧಿ ಕೊಟ್ಟರೆ ಇನ್ನೊಂದರಲ್ಲಿ ಪೆಟ್ಟು ಕೊಡಬೇಕು. ವಸೀಲಾ ಓದಿ ಹೇಳಿದಳು, ಅವನು ಹೂಂ ಅಂದ, ಅವಳು ಏರಿಸಿದಳು. ನಾಲ್ಕು ನಿಮಿಷದೊಳಗೆ ಆ ಉತ್ತರದ ಅಡಿಯಲ್ಲೇ ಲಾಮಿಯಾ ಬರೆದಳು: "ಆರಿಸಿದೆ ಮಾಲೆಮ್. ಕಂಬಳಿನೂ ತೆಗೆದೆ. ದೇವರು ನಿಮ್ಮ ಕೈಗಳನ್ನ ಕಾಪಾಡಲಿ."

ವಸೀಲಾ ತನ್ನ ಕೈಗಳನ್ನು ನೋಡಿಕೊಂಡಳು. ಅಪ್ಪನಿಗೆ ಓದಿ ಹೇಳಿದಳು. ಅವನ ಮುಖದ ಮೇಲೆ ಹಳೆಯ ದಿನಗಳ ಒಂದು ನೆಮ್ಮದಿ ಬಂದು ಕೂತಿತು, ಅಷ್ಟರಲ್ಲೇ ಶಂಸು ಬಂದ.

"ಮಾಲೆಮ್, ನಿಮಗೆ ಗೌರವ ಕೊಡ್ತೀನಿ. ಆದ್ರೆ ನೀವು ಕೊನೇ ಸಲ ಬಾಯ್ಲರ್ ಮುಟ್ಟಿದ್ದು ಯಾವಾಗ? ಕುರ್ಚೀಲಿ ಕೂತು ಫೋಟೋದ ಕಲೆ ನೋಡಿ ಹೇಳೋದು, ನಮ್ಮಜ್ಜಿ ಕಾಫಿ ಲೋಟದ ತಳ ನೋಡಿ ಭವಿಷ್ಯ ಹೇಳಿದ ಹಾಗೆ. ನಾನು ಈ ಮಾದರಿ ಇನ್ನೂರು ಬಿಚ್ಚಿದೀನಿ. ನೂರಾ ಎಂಬತ್ತರಲ್ಲಿ ಸೆನ್ಸರೇ ಕೆಟ್ಟಿತ್ತು."

"ಬರಿ," ಅಂದ ತಯ್ಯಬ್. "ಉಳಿದ ಇಪ್ಪತ್ತು ಮನೆಯವರ ಜನಾಜಕ್ಕೆ ಹೆಗಲು ಕೊಟ್ಟಿದ್ಯೇನಪ್ಪಾ, ಇಲ್ಲ ಅದನ್ನೂ ವೀಡಿಯೋದಲ್ಲಿ ನೋಡಿದ್ಯಾ?"

ಆಮೇಲೆ ಅದು ಯಾರ ಹಿಡಿತದಲ್ಲೂ ಉಳಿಯಲಿಲ್ಲ. ತ್ಲೆಮ್ಸೆನ್‌ನವನೊಬ್ಬ ಮಾಲೆಮ್ ಹೇಳಿದ್ದೇ ಸರಿ ಎಂದ. ಬಾತ್ನಾದ ಹುಡುಗರು ಗುಂಪಾಗಿ ನುಗ್ಗಿದರು. ಒಬ್ಬ ಗ್ಯಾಸಿನ ಒತ್ತಡ ಕಡಿಮೆ ಅಂದ, ಇನ್ನೊಬ್ಬ ನೀರಿನ ಪಂಪು ಅಂದ, ಮತ್ತೊಬ್ಬ ಸತೀಫಿನವರಿಗೆ ಅಹಂಕಾರ ಹೆಚ್ಚು ಅಂದ. ಅಲ್ಲಿಗೆ ಬಾಯ್ಲರಿನ ವಿಷಯ ಮುಗಿದು ಊರುಗಳ ವಿಷಯ ಶುರುವಾಯಿತು. ನೂರಾ ನಲವತ್ತು ಮಾತು ದಾಟಿದವು. ವಸೀಲಾಳ ತಾಯಿ ಯೆಮ್ಮಾ ಕಾಫಿ, ಜೇನು ಸವರಿದ ರೊಟ್ಟಿ ತಂದಿಟ್ಟು ಅಪ್ಪ-ಮಗಳಿಬ್ಬರನ್ನೂ ನೋಡಿದಳು.

"ಊರೋರ ಮನೆಯೆಲ್ಲ ಬೆಚ್ಚಗೆ ಮಾಡ್ತೀರಿ. ನಮ್ಮ ಮಲಗೋ ಕೋಣೆ ರೇಡಿಯೇಟರು ಮೂರು ವಾರದಿಂದ ಐಸಿನ ಹಾಗಿದೆ. ಫೇಸ್‌ಬುಕ್ಕಿಗೆ ನಾನೂ ಒಂದು ಅರ್ಜಿ ಹಾಕ್ಲಾ?"

ತಯ್ಯಬ್ ನಗಲಿಲ್ಲ. ಅವನು ಆಗಷ್ಟೇ ಕೇಳಿದ ಸಾಲು ಬಾತ್ನಾದ ಯಾವನೋ ಬರೆದದ್ದು: "ತಾರಸಿ ಮೇಲೆ ನೆಟ್ಟಗೆ ನಿಲ್ಲೋಕೆ ಬಾರದವರು ಪೈಪಿನ ಪಾಠ ಹೇಳ್ತಾರೆ." ವಸೀಲಾ ಅದನ್ನು ಓದಬಾರದಿತ್ತು. ಓಘದಲ್ಲಿ ಬಾಯಿಗೆ ಬಂದುಬಿಟ್ಟಿತ್ತು. ಅಪ್ಪನ ಬಲಗೈ ತೊಡೆಯ ಮೇಲೆ ಮೀನಿನಂತೆ ಒದ್ದಾಡತೊಡಗಿತು. ಎಡಗೈಯಿಂದ ಅದನ್ನು ಅದುಮಿ ಹಿಡಿದುಕೊಂಡ.

ಸಂಜೆಯ ಬಾಂಗಿಗೆ ಸ್ವಲ್ಪ ಮುಂಚೆ ಹಾಜಿಯ ಫೋನು ಬಂತು. ಅಪ್ಪನ ಕೈ ನಡುಗುವುದರಿಂದ ಫೋನನ್ನು ಯಾವಾಗಲೂ ಮೇಜಿನ ಮೇಲಿಟ್ಟು, ದನಿ ಎಲ್ಲರಿಗೂ ಕೇಳುವ ಹಾಗೆ ಇಡುತ್ತಿದ್ದರು.

"ತಯ್ಯಬ್, ತಮ್ಮಾ, ಏನಿದು? ಚಿಕ್ಕ ಹುಡುಗನ ಜೊತೆ ಸರಿಸಮ ಜಗಳಕ್ಕೆ ನಿಂತಿದೀಯಲ್ಲ."

"ಅವನು ಒಂದು ಮನೇನ ಕೊಲ್ತಾನೆ ಹಾಜಿ."

"ಆಕೆ ಆರಿಸಿದೀನಿ ಅಂದ್ಲಲ್ಲ. ಆ ವಿಷಯ ಮುಗೀತು. ಈಗ ಉಳಿದಿರೋದು ನಿಮ್ಮಿಬ್ಬರ ವಿಷಯ. ಶಂಸು ಇಲ್ಲೇ ಇನ್ನೊಂದು ಫೋನಲ್ಲಿದಾನೆ, ಅಳ್ತಿದಾನೆ. ನೀನು ಬಿದ್ದ ವಿಷಯ ಎತ್ತಿದ ಆ ಹುಡುಗನಿಗೂ ಅವನಿಗೂ ಸಂಬಂಧ ಇಲ್ವಂತೆ. ಮಾಲೆಮ್ ಕ್ಷಮಿಸಿದೆ ಅನ್ನೋವರೆಗೂ ಊಟ ಮಾಡಲ್ಲ ಅಂತಿದಾನೆ."

ತಯ್ಯಬ್ ಕುರ್ಚಿಗೆ ಒರಗಿದ. ಸಿಟ್ಟಿನ ಮನುಷ್ಯ, ಆದರೆ ಯಾರಾದರೂ ಅತ್ತರೆ ಅವನ ಸಿಟ್ಟು ನಿಲ್ಲುತ್ತಿರಲಿಲ್ಲ. "ಊಟ ಮಾಡು ಅನ್ನು ಕತ್ತೆಗೆ," ಅಂದ ಕೊನೆಗೆ. ಹಾಜಿ ನಕ್ಕ. ಮೂವರೂ ಫಾತಿಹಾ ಓದಿದರು. ಅಪ್ಪನ ಮುಖ ಸಡಿಲವಾದದ್ದನ್ನು ನೋಡಿ ವಸೀಲಾಳ ಎದೆಯೂ ಹಗುರಾಯಿತು.

"ಹಾಗಾದ್ರೆ ಇಬ್ಬರೂ ಬಾಂಗಿಗೆ ಮುಂಚೆ ಅಳಿಸಿಬಿಡಿ," ಅಂದ ಹಾಜಿ. "ಜಗಳದ್ದೆಲ್ಲ. ನಾನು ಕೂತು ನೋಡ್ತಿರ್ತೀನಿ."

ವಸೀಲಾ ಮೊದಲ ಸಲ ಬಾಯಿ ತೆರೆದಳು. ಅವಳ ದನಿ ಫೋನಿನವರೆಗೂ ಹೋಗುತ್ತದೋ ಇಲ್ಲವೋ ಎನ್ನುವಷ್ಟು ಸಣ್ಣದಾಗಿತ್ತು. "ಬಾಬಾ, ಮೊದಲನೇ ಉತ್ತರ... ಅದರಲ್ಲಿ ಆರಿಸು ಅನ್ನೋದೂ ಇದೆ. ಬೈದ ಎರಡು ಸಾಲು ಮಾತ್ರ ತೆಗೆದು ಉಳಿದದ್ದು ಬಿಡಬಹುದು."

"ಯಾರದು, ಮಗಳಾ? ಕೇಳು ಕಂದಾ," ಅಂದ ಹಾಜಿ. "ತಿದ್ದಿದ್ರೆ ತಿದ್ದಿದ ಗುರುತು ಕಾಣುತ್ತೆ. ಬಾತ್ನಾದ ಹುಡುಗರು ಒತ್ತಿ ನೋಡ್ತಾರೆ, ಹಳೇದು ಹಾಗೇ ಸಿಗುತ್ತೆ. ನಾಳೆ ಮತ್ತೆ ಶುರು. ಪೂರ್ತಿ ತೆಗಿ. ಹೊಸದಾಗಿ ಹಾಕೋದಿದ್ರೆ ಎರಡು ದಿನ ಬಿಟ್ಟು ಹಾಕು, ಬಿಸಿ ಆರಲಿ."

"ಶಂಸುದು? ಅವನ ತಂತಿಯ ಮಾತು?"

"ಅದು ಜಗಳಕ್ಕೆ ಮುಂಚಿನದಲ್ವಾ? ಅದರಲ್ಲಿ ಬೈಗುಳ ಇಲ್ಲ. ಅದನ್ನ ತೆಗೆಸಿದ್ರೆ ಅವನದೇ ತಪ್ಪು ಅಂತ ನಾನು ತೀರ್ಪು ಕೊಟ್ಟ ಹಾಗಾಗುತ್ತೆ. ರಾಜಿಯಲ್ಲಿ ತೀರ್ಪಿಲ್ಲ."

ವಸೀಲಾ ಅಪ್ಪನನ್ನು ನೋಡಿದಳು. ತಯ್ಯಬ್ ಸುಸ್ತಾಗಿದ್ದ. "ಮಾತು ಕೊಟ್ಟಾಯ್ತು. ಹಾಜಿ ಹೇಳಿದ ಹಾಗೆ ಮಾಡು. ಆಕೆ ಆರಿಸಿದಾಳಲ್ಲ."

ಅವಳು ಅಳಿಸಿದಳು. ಹನ್ನೊಂದು ಮಾತುಗಳಿದ್ದವು, ಒಂದೊಂದಾಗಿ ತೆಗೆದಳು. ಮೊದಲ ಉತ್ತರವನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅದನ್ನು ತೆಗೆದಾಗ ಅದರಡಿಯಲ್ಲಿ ಬೆಳೆದಿದ್ದ ಜಗಳವೆಲ್ಲ, ಲಾಮಿಯಾಳ ಮಾತೂ, ಅದರ ಜೊತೆಗೇ ಹೋಯಿತು. 'ದೇವರು ನಿಮ್ಮ ಕೈಗಳನ್ನ ಕಾಪಾಡಲಿ' ಎಂಬುದು ಇದ್ದ ಜಾಗ ಖಾಲಿಯಾಯಿತು. ನೂರಾ ನಲವತ್ತು ಇದ್ದದ್ದು ಆರಕ್ಕೆ ಇಳಿಯಿತು. ಎಲ್ಲಕ್ಕಿಂತ ಮೇಲೆ, ತೊಳೆದಿಟ್ಟ ತಟ್ಟೆಯ ಹಾಗೆ, ಶಂಸುವಿನ ಎರಡು ನಿಮಿಷದ ಕೆಲಸ. ಹಾಜಿ ಕೆಳಗೆ ಬರೆದ: "ದೇವರು ನಮ್ಮ ಮಾಲೆಮ್‌ಗಳ ಮನಸ್ಸು ಒಂದು ಮಾಡಿದ. ಎಲ್ಲರೂ ಒಳ್ಳೆಯ ಮಾತಾಡಿ." ಅದಕ್ಕೆ ನೂರಾರು ಹೃದಯಗಳು ಬಂದವು.

ಅಪ್ಪ ನಮಾಜಿಗೆ ಕುರ್ಚಿ ತಿರುಗಿಸಿಕೊಂಡ. ವಸೀಲಾ ಅಡುಗೆಮನೆಗೆ ಹೋಗಿ, ತನ್ನ ಸ್ವಂತ ಹೆಸರಿನ ಖಾತೆ ತೆರೆದು ಲಾಮಿಯಾಳಿಗೆ ನೇರವಾಗಿ ಬರೆಯತೊಡಗಿದಳು. 'ಅಕ್ಕಾ, ನಾನು ಮಾಲೆಮ್ ತಯ್ಯಬ್ ಅವರ ಮಗಳು. ಅವರು ಹೇಳಿದ್ದು ಹೋಗಿದೆ, ಆದ್ರೆ' ಎಂಬಲ್ಲಿಗೆ ಬಂದು ನಿಂತಳು. ಆದ್ರೆ ಏನು? ರಾಜಿಯಾದ ಗಳಿಗೆಯಲ್ಲೇ ಬೆನ್ನ ಹಿಂದೆ ಬರೆದರೆ ಅಪ್ಪನ ಮಾತು ಮುರಿದ ಹಾಗಲ್ಲವೇ? ಲಾಮಿಯಾ ಇದರ ಚಿತ್ರ ತೆಗೆದು ಗುಂಪಿನಲ್ಲಿ ಹಾಕಿಬಿಟ್ಟರೆ? ಇಷ್ಟು ದಿನ ಬರೆದದ್ದೆಲ್ಲ ಒಬ್ಬ ಹುಡುಗಿಯೆಂದು ಗೊತ್ತಾಗಿ, ಬಾತ್ನಾದವರು ಅಪ್ಪನನ್ನು ಅದಕ್ಕೂ ಆಡಿಕೊಂಡರೆ? ಆಕೆ ಹೇಗೂ ಆರಿಸಿದ್ದಾಳೆ. ಕಂಬಳಿಯನ್ನೂ ತೆಗೆದಿದ್ದಾಳೆ. ಒಂದು ಸಲ ಕೇಳಿದವಳು ಮರೆಯುತ್ತಾಳೆಯೇ? ಯೆಮ್ಮಾ ಕೂಗಿದಳು, ಚೋರ್ಬಾ ಸೂಪು ತಣ್ಣಗಾಗುತ್ತಿದೆ ಎಂದು. ಬರೆದ ಒಂದೂವರೆ ಸಾಲನ್ನು ವಸೀಲಾ ಅಳಿಸಿದಳು. ಆ ಸಂಜೆ ಅವಳು ಅಳಿಸಿದ್ದು ಒಟ್ಟು ಹನ್ನೆರಡು.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಅಪ್ಪನಿಗೆ ಚಹಾ ಸೋಸುತ್ತ ಒಂದು ಕೈಯಲ್ಲಿ ಫೋನು ನೋಡುತ್ತಿದ್ದಾಗ, ಬುರ್ಜ್ ಪಟ್ಟಣದ ಸುದ್ದಿಯ ಪುಟದಲ್ಲಿ ಆ ಫೋಟೋ ಕಂಡಿತು. ಗಾಜು ಹಾಕಿದ ಬಾಲ್ಕನಿ, ಗೋಡೆಯಲ್ಲಿ ಬಾಯ್ಲರ್, ಹಗ್ಗದ ಮೇಲೆ ಪುಟ್ಟ ಕಾಲುಚೀಲಗಳು. ಒಂದು ಗಾಜು ಮಾತ್ರ ಅಗ್ನಿಶಾಮಕದವರು ಒಡೆದದ್ದರಿಂದ ಇರಲಿಲ್ಲ. ಮೂವತ್ತೊಂದು ವರ್ಷದ ತಾಯಿ, ಎಂಟು ತಿಂಗಳ ಗಂಡು ಕೂಸು, ಇಬ್ಬರೂ ಬಾಯ್ಲರಿನ ವಿಷಗಾಳಿಗೆ ನಿದ್ದೆಯಲ್ಲೇ ಸತ್ತಿದ್ದರು. ಆರು ವರ್ಷದ ಹುಡುಗಿ ಬಾಗಿಲ ಕಂಡಿಯ ಹತ್ತಿರ ಮಲಗಿದ್ದವಳು, ಆಸ್ಪತ್ರೆಯಲ್ಲಿದ್ದಾಳೆ. ಬಾಯ್ಲರಿನ ಸೆನ್ಸರಿನ ತಂತಿಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಲಾಗಿತ್ತೆಂದು ಕೊನೆಯಲ್ಲಿ ಒಂದು ಸಾಲು.

ಚಹಾ ಲೋಟ ತುಂಬಿ ತಟ್ಟೆಗೆ ಇಳಿದು ಮೇಜಿನ ಮೇಲೆ ಹರಿಯಿತು. ಅವಳು ಸೋಸುತ್ತಲೇ ಇದ್ದಳು.

ಅಪ್ಪನಿಗೆ ಓದಿ ಹೇಳಿದಾಗ ಅವನು ಕೇಳಿದ್ದು ಒಂದೇ. "ನಮ್ಮ ಉತ್ತರ ಎಷ್ಟು ಹೊತ್ತಿತ್ತು ಅಲ್ಲಿ?"

"ಮೂರು ಗಂಟೆ. ಮೂರೂಕಾಲು."

ಅವನು ಕಿಟಕಿಯ ಕಡೆ ತಿರುಗಿದ. ಯೆಮ್ಮಾ ಬಂದು ಬೆನ್ನು ಸವರಿದಳು. "ನೀವು ಹೇಳಬೇಕಾದ್ದು ಹೇಳಿದ್ರಿ. ಅವಳ ಆಯಸ್ಸೇ ಅಷ್ಟಿತ್ತು," ಅಂದಳು. ಅವನು ಅವಳ ಕೈ ತೆಗೆದ.

ಗುಂಪಿನಲ್ಲಿ ಸಂತಾಪದ ಮಾತುಗಳು ಸುರಿದವು. ಮಧ್ಯಾಹ್ನದ ಹೊತ್ತಿಗೆ ಶಂಸುವಿನ ತಂತಿಯ ಮಾತು ಕಾಣಲಿಲ್ಲ. ಸಂಜೆಯ ಹೊತ್ತಿಗೆ ಲಾಮಿಯಾಳ ಪ್ರಶ್ನೆಯೂ ಇರಲಿಲ್ಲ. ಹಾಜಿ ಫೋನು ಮಾಡಿದ. ಅವನ ದನಿ ಒಂದೇ ದಿನದಲ್ಲಿ ಮುದಿಯಾಗಿತ್ತು. "ತಯ್ಯಬ್, ನಾನು ತೆಗೆದೆ. ಇದು ಪೊಲೀಸಿನವರಿಗೆ ಹೋದ್ರೆ ಎಲ್ಲರಿಗೂ ತೊಂದರೆ. ಯಾರು ಏನು ಹೇಳಿದ್ರು ಅನ್ನೋದನ್ನ ಯಾರೂ ಎತ್ತೋದು ಬೇಡ. ಸತ್ತೋರಿಗೆ ಅದರಿಂದ ಏನೂ ಸಿಗಲ್ಲ."

ತಯ್ಯಬ್ ಹೂಂ ಅಂದ. ವಸೀಲಾ ಓದಿ ಹೇಳಿದ್ದಕ್ಕೆ ಹೇಳುವ ಹೂಂ ಅಲ್ಲ ಅದು.

ಆಮೇಲೆ ಮೂರು ದಿನ ಅವನು ಒಂದು ಉತ್ತರವನ್ನೂ ಹೇಳಲಿಲ್ಲ. ಪ್ರಶ್ನೆಗಳು ಬರುತ್ತಲೇ ಇದ್ದವು. ಮಾಲೆಮ್ ಎಲ್ಲಿ, ಮಾಲೆಮ್‌ಗೆ ಹುಷಾರಿಲ್ಲವೇ ಎಂದು ಜನ ಕೇಳುತ್ತಿದ್ದರು. ಶಂಸು ಮಾತ್ರ ಎರಡನೇ ದಿನ ಹೊಸ ವೀಡಿಯೋ ಹಾಕಿದ, ಹೊಗೆ ಪೈಪನ್ನು ಮನೆಯವರೇ ಹೇಗೆ ಪರೀಕ್ಷಿಸಿಕೊಳ್ಳಬೇಕೆಂದು. ಚೆನ್ನಾಗಿಯೇ ಹೇಳಿದ್ದ, ಒಂದು ತಪ್ಪಿಲ್ಲದೆ. ಕೂದಲು ಬಾಚಿರಲಿಲ್ಲ. ವಸೀಲಾ ಅದನ್ನು ಅಪ್ಪನಿಗೆ ತೋರಿಸಲಿಲ್ಲ. ನೋಟುಬುಕ್ಕನ್ನು ಬಟ್ಟೆಯ ಕಪಾಟಿನಲ್ಲಿ, ಚಳಿಗಾಲದ ಹೊದಿಕೆಗಳ ಅಡಿಯಲ್ಲಿಟ್ಟಳು. ಮತ್ತೆ ತೆಗೆದಳು. ಮಂಗಳವಾರದ ಪುಟದಲ್ಲಿ ಅವಳದೇ ಅಕ್ಷರ, ಎಂದಿನ ಹಾಗೆ ದುಂಡಗೆ. ಮತ್ತೆ ಒಳಗಿಟ್ಟಳು.

ಶನಿವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅಪ್ಪನ ನಂಬರು ಗುಂಪಿನವರಿಗೆಲ್ಲ ಗೊತ್ತಿದ್ದದ್ದೇ. ವಸೀಲಾ ಎಂದಿನಂತೆ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದಳು. ಆ ಕಡೆ ಆಸ್ಪತ್ರೆಯ ಪಡಸಾಲೆಯ ಗದ್ದಲ, ತಳ್ಳುಗಾಡಿಯ ಚಕ್ರದ ಕಿರುಗುಟ್ಟುವಿಕೆ.

"ಮಾಲೆಮ್ ತಯ್ಯಬ್ ಅವರಾ? ನಾನು ಅಬ್ದೆನ್ನೂರ್. ಲಾಮಿಯಾಳ ಗಂಡ."

ತಯ್ಯಬ್‌ನ ಬಾಯಿಂದ ಸಂತಾಪದ ಮಾತು ತಾನಾಗಿ ಹೊರಟಿತು. ದೇವರು ಅವರಿಗೆ ಕರುಣೆ ತೋರಲಿ, ನಿನಗೆ ತಾಳ್ಮೆ ಕೊಡಲಿ ಎಂದ. ಅಬ್ದೆನ್ನೂರ್ ಅದು ಮುಗಿಯುವವರೆಗೂ ಕಾದ.

"ಮಾಲೆಮ್, ಬಯ್ಯೋಕೆ ಮಾಡಿದ್ದಲ್ಲ. ಒಂದು ವಿಷಯ ಕೇಳ್ಬೇಕು. ಮಂಗಳವಾರ ಮಧ್ಯಾಹ್ನ ಅವಳು ಫೋನ್ ಮಾಡಿ, ಸತೀಫಿನ ಮಾಲೆಮ್ ಆರಿಸು ಅಂದಿದಾರೆ, ಆರಿಸಿದೀನಿ ಅಂದ್ಲು. ಸರಿ ಅಂದೆ. ಸಂಜೆ ಮತ್ತೆ ಮಾಡಿದ್ಲು. ಚಳಿಗೆ ಕೂಸಿನ ತುಟಿ ನೀಲಿಯಾಗ್ತಿದೆ, ಪಕ್ಕದ ಮನೆಯೋರು ಊರಿಗೆ ಹೋಗಿದಾರೆ, ಮಾಲೆಮ್ ಹೇಳಿದ್ದನ್ನ ಮತ್ತೆ ಓದೋಣ ಅಂತ ತೆಗೆದ್ರೆ ಅದಿಲ್ಲ ಅಂದ್ಲು. ಹೇಳಿದ್ದನ್ನ ಅವರೇ ಅಳಿಸಿದಾರೆ ಅಂದ್ರೆ ಅದು ತಪ್ಪು ಅಂತ ಅವರಿಗೇ ಗೊತ್ತಾಗಿರಬೇಕು, ಅಷ್ಟು ದೊಡ್ಡ ಮನುಷ್ಯ ಸುಮ್ಮನೆ ಅಳಿಸ್ತಾರಾ, ಅಂದ್ಲು." ಅವನು ಉಸಿರು ಎಳೆದುಕೊಂಡ. "ನಾನು... ಹಾಗಾದ್ರೆ ಇನ್ನೊಬ್ಬ ಹೇಳಿದ ಹಾಗೆ ಮಾಡು ಅಂದೆ. ಕಂಬಳಿನೂ ಮತ್ತೆ ಹಾಕು, ಕೂಸಿಗೆ ಗಾಳಿ ಬರುತ್ತೆ, ಅಂದೆ. ತಂತಿ ಯಾವುದು ಅಂತ ವೀಡಿಯೋ ಕಾಲ್‌ನಲ್ಲಿ ನಾನೇ ತೋರಿಸಿದೆ."

ಇನ್ನೊಂದು ತಳ್ಳುಗಾಡಿ ಹಾದುಹೋಗುವವರೆಗೆ ಕಾದು ಅವನು ಮುಂದುವರಿಸಿದ.

"ಈಗ ಗುಂಪಲ್ಲಿ ನೋಡಿದ್ರೆ ಏನೂ ಇಲ್ಲ. ಅವಳ ಪ್ರಶ್ನೆನೂ ಇಲ್ಲ. ಹಾಜಿ ಅನ್ನೋರಿಗೆ ಕೇಳಿದೆ, ಅಂಥದ್ದೇನೂ ನೆನಪಿಲ್ಲ ಅಂದ್ರು. ನನಗೆ ಒಂದೇ ಗೊತ್ತಾಗ್ಬೇಕು ಮಾಲೆಮ್. ನೀವು ನಿಜವಾಗ್ಲೂ ಆರಿಸು ಅಂದಿದ್ರಾ? ಅಥವಾ ಅವಳು ಏನೋ ತಪ್ಪಾಗಿ ಓದಿಕೊಂಡಿದ್ಲಾ? ಮಾತು ವಾಪಸ್ ತಗೊಂಡ್ರಾ? ಮನೆಯಲ್ಲಿ ಎಲ್ಲರೂ, ಅವಳಿಗೆ ಸರಿಯಾಗಿ ಓದೋಕೆ ಬರಲ್ಲ, ಅವಳೇ ಮಾಡಿಕೊಂಡ್ಲು, ಅಂತಿದಾರೆ."

ತಯ್ಯಬ್ ಬಾಯಿ ತೆರೆದ. ಮೂವತ್ತೆಂಟು ವರ್ಷದಲ್ಲಿ ಯಾರ ಪ್ರಶ್ನೆಗೂ ತಡಬಡಾಯಿಸದ ಮನುಷ್ಯ ಮಗಳ ಮುಖ ನೋಡಿದ. ಅವನ ಎಡಗೈ ನಿಧಾನವಾಗಿ ಮೇಲೆದ್ದು, ಬೇಡ ಎನ್ನುವ ಹಾಗೆ ಗಾಳಿಯಲ್ಲಿ ಆಡಿತು. ಆ ಕೈಗೆ ನಡುಕದ ಕಾಯಿಲೆ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಯೆಮ್ಮಾ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಮಾಲೆಮ್? ಇದೀರಾ?"

ವಸೀಲಾ ಎದ್ದು ಒಳಗೆ ಹೋದಳು. ಹೊದಿಕೆಗಳನ್ನು ನೆಲಕ್ಕೆಳೆದು ನೋಟುಬುಕ್ಕು ತೆಗೆದುಕೊಂಡು ಬಂದಳು. ಮೇಜಿನ ಮುಂದೆ ಕೂತು ಫೋನಿಗೆ ಬಾಗಿ ಮಾತಾಡಿದಳು.

"ಅಣ್ಣಾ, ನಾನು ಅವರ ಮಗಳು. ಬರೆಯೋದು ನಾನೇ. ಅಕ್ಕ ಸರಿಯಾಗೇ ಓದಿದ್ರು."

ಅವಳು ಫೋನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಬಾಬಾ ಮಾತು ವಾಪಸ್ ತಗೊಳ್ಳಲಿಲ್ಲ. ಗುಂಪಲ್ಲಿ ಜಗಳ ಆಗಿತ್ತು, ರಾಜಿ ಮಾಡಿದ್ರು. ರಾಜಿಯಾದ್ರೆ ಅಳಿಸಬೇಕು. ಅದಕ್ಕೆ ಅಳಿಸಿದ್ದು. ತಪ್ಪು ಅಂತ ಅಲ್ಲ. ಅಳಿಸಿದ್ದು ನಾನು." ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. "ಅಕ್ಕನಿಗೆ ಬೇರೆಯಾಗಿ ಬರೆದು ಹೇಳೋಣ ಅಂತ ಶುರುಮಾಡಿದ್ದೆ. ಅದನ್ನೂ ಅಳಿಸಿದೆ."

"ಜಗಳ," ಅಂದ ಅಬ್ದೆನ್ನೂರ್, ಆ ಪದವನ್ನು ಮೊದಲ ಸಲ ಕೇಳಿದವನ ಹಾಗೆ. "ಯಾತಕ್ಕೆ ಜಗಳ?"

ತಯ್ಯಬ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಬಲಗೈ ಅವನ ಹಣೆಗೆ ಮೆಲ್ಲಗೆ ಬಡಿಯುತ್ತಲೇ ಇತ್ತು.

ಅಬ್ದೆನ್ನೂರ್ ಕೇಳಿದ. "ಅವರು ಹೇಳಿದ್ದು ನಿನ್ನ ಹತ್ತಿರ ಇದೆಯಾ?"

"ಇದೆ."

"ಓದು."

ಅವಳು ಪುಟ ತೆರೆದು ಓದಿದಳು. ಎಲ್ಲವನ್ನೂ ಓದಿದಳು, ತಲೆಯೊಳಗೆ ಕಳಚಿದ ತಂತಿಯನ್ನು, ಹೆಣ ತೊಳೆಯುವವರ ದಲ್ಲಾಳಿಯನ್ನು, ಏನನ್ನೂ ಬಿಡದೆ. ಓದಿ ಮುಗಿಸಿದಾಗ ಆ ಕಡೆ ಪಡಸಾಲೆಯಲ್ಲಿ ಯಾರೋ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದರು. ಹಿಂದೆಯೇ ಒಂದು ಮಗುವಿನ ಕ್ಷೀಣ ದನಿ, ನೀರು ಕೇಳುವ ಹಾಗೆ.

"ಬಂದೆ ರಿನಾದ್, ಒಂದು ನಿಮಿಷ," ಅಂದ ಅವನು, ಮಗಳಿಗೆ. ಆಮೇಲೆ ಇವಳಿಗೆ, "ಮೊದಲಿನದು ಇನ್ನೊಂದು ಸಲ ಓದು. ಅವಳಿಗೆ ಹೇಳಿದ್ದು ಮಾತ್ರ. ಇಲ್ಲಿ ನಮ್ಮತ್ತೆ ಇದಾರೆ, ನಮ್ಮಮ್ಮ ಇದಾರೆ. ಅವರೂ ಕೇಳಲಿ."

ಫೋನನ್ನು ಎತ್ತಿ ಹಿಡಿದ ಸದ್ದು ಬಂತು. ವಸೀಲಾ ಬೆರಳನ್ನು ಸಾಲಿನ ಕೆಳಗಿಟ್ಟು, ಇಡೀ ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿ ಓದಿದಳು.

"ತಂಗೀ, ಬಾಯ್ಲರ್ ಈಗಲೇ ಆರಿಸು. ಕಿಟಕಿ ತೆರೆ."